ಬಣ್ಣ ಬಿಟ್ಟ ಕೆಂಪು ರೇಷ್ಮೆ

ಅಮ್ಮಾ,

ನೀನು ಹೋದ ಮೇಲೆ ಮಡಿಚಿಟ್ಟಿದ್ದ ನಿನ್ನ ಕುಣಿತದ ನಡುಪಟ್ಟಿಯನ್ನು, ಆ ಕೆಂಪು ರೇಷ್ಮೆಯನ್ನು, ನಿನ್ನೆ ಹೊರಗೆ ತೆಗೆದೆ. ಚೀನೀ ಹೊಸವರ್ಷದ ಲಾಟೀನು ಹಬ್ಬದಲ್ಲಿ ರೇಷ್ಮೆ ಬೀಸುತ್ತ ಕುಣಿಯುವ ಯಾಂಗ್ಗೆ ಕುಣಿತಕ್ಕೆ ನಿನ್ನ ಜಾಗದಲ್ಲಿ ನಾನೇ ನಿಲ್ಲಬೇಕೆಂದು ಮೇಳದ ಗಾವೋ ಚಿಕ್ಕಮ್ಮ ಹಟ ಹಿಡಿದಿದ್ದರು. ನನ್ನ ಕೂಸು ರೇಷ್ಮೆಯ ತುದಿಯನ್ನು ಬಾಯಿಗಿಟ್ಟುಕೊಂಡರೆ ಗತಿಯೇನೆಂಬ ಭಯಕ್ಕೆ, ಅವಳ ಅಂಗಿಗಳ ಜೊತೆಗೇ ಬಿಸಿ ಸೋಪುನೀರಿನಲ್ಲಿ ನೆನೆಸಿಬಿಟ್ಟೆ. ಅಂಗಿಗಳೆಲ್ಲ ಕೆಂಪಾದವು. ಅಳುತ್ತ ಕೂತೆ.

“ಅಯ್ಯೋ ಹುಚ್ಚಿ, ನಿಮ್ಮಮ್ಮ ಅದನ್ನ ನೆರಳಲ್ಲಿ ಹರವ್ತಿದ್ಲೇ ಹೊರತು ಯಾವತ್ತಾದ್ರೂ ನೀರಿಗೆ ಹಾಕಿದ್ಲಾ?” ಎಂದು ಚಿಕ್ಕಮ್ಮ ನಕ್ಕರು. “ಇರ್ಲಿ ಬಿಡೇ, ಹಬ್ಬದಲ್ಲಿ ಕೂಸಿಗೆ ಕೆಂಪು ಹಾಕಿದ್ರೆ ಪೀಡೆ ಹತ್ರ ಸುಳಿಯಲ್ಲ. ನಾಳೆ ಆ ರೇಷ್ಮೆನೇ ಕಟ್ಕೊಂಡು ಬಾ.”

ಇವತ್ತು ಕುಣಿದೆ, ಅಮ್ಮಾ. ಸೊಂಟಕ್ಕೆ ಬಿಗಿದು ಎರಡೂ ತುದಿ ಹಿಡಿದು ಬೀಸಿದೆ. ಮಾಸಿದ್ದರೂ ಚೆನ್ನಾಗಿಯೇ ಹಾರಿತು. ತಿರುಗಿ ನೋಡಿದರೆ, ಮನೆಯಲ್ಲಿ ಎಲೆ ಅಲುಗಿದರೂ ಏಳುವ ನಿನ್ನ ಮೊಮ್ಮಗಳು ಡೋಲಿನ ಪಕ್ಕದಲ್ಲೇ ತನ್ನ ಅಪ್ಪನ ಹೆಗಲ ಮೇಲೆ ನಿದ್ದೆಹೋಗಿದ್ದಳು!

“ನಿಮ್ಮಮ್ಮ ಕುಣಿಯೋವಾಗ ನೀನೂ ಹೀಗೇ ಮಲಗ್ತಿದ್ದೆ ಕಣೇ,” ಎಂದರು ಚಿಕ್ಕಮ್ಮ.

ಅವಳಿನ್ನೂ ಎದ್ದಿಲ್ಲ. ನಾನೂ ಮಲಗಬಹುದು. ರೇಷ್ಮೆಯಲ್ಲಿದ್ದ ನಿನ್ನ ವಾಸನೆ ಹೋಗಿ ಈಗ ಸೋಪಿನ ವಾಸನೆಯಷ್ಟೇ ಇದೆ. ಬಣ್ಣದ ಜೊತೆ ಅದೂ ಇತ್ತ ಬಂದಿದೆಯೇನೋ ಎಂದು ಅವಳ ಕೆಂಪು ಅಂಗಿಯನ್ನು ಮೂಸಿ ನೋಡುತ್ತಿದ್ದೇನೆ.