ಎಲೆ ಅಡಿಕೆ ಇಡದೆ ಕಳಿಸಿದ ಕಾಗದ

ತಾಳಗುಂದದ ವರದಮ್ಮನವರಿಗೆ,

ಶಿಕಾರಿಪುರದ ಗಾದಿ ಅಂಗಡಿ ಮುಬೀನ್ ಸಾಬರ ಮಗಳು ಅಂಬರೀನ್ ಮಾಡುವ ನಮಸ್ಕಾರ. ಇದನ್ನು ನಿಮಗೆ ಓದಿ ಹೇಳುತ್ತಿರುವವಳು ಸೊಸೆ ಸುಮಾ ಎಂದು ಗೊತ್ತು. ಅವಳು ಗಡಿಬಿಡಿಯಲ್ಲಿ ಸಾಲು ಹಾರಿಸುತ್ತಾಳೆ, ಅಲ್ಲಲ್ಲಿ ನಿಲ್ಲಿಸಿ ಓದಿಸಿ. ಮೊದಲು ಸುದ್ದಿ ಹೇಳಿಬಿಡುತ್ತೇನೆ: ನನ್ನ ಪಿಎಚ್‌ಡಿ ಮುಗಿಯಿತು. ಕುರಿ ಸಾಕುವ ಮನೆಗಳ ಹೆಣ್ಣುಮಕ್ಕಳ ಬದುಕಿನ ಬಗ್ಗೆ ಬರೆದದ್ದನ್ನು ವಿಶ್ವವಿದ್ಯಾಲಯ ಒಪ್ಪಿಕೊಂಡಿದೆ. ನಮ್ಮಜ್ಜಿ ಅಕ್ತರ್ ಬೀ ಓಣಿಗೆಲ್ಲ ಸಕ್ಕರೆ ಹಂಚಿ, ನಮ್ಮ ಹುಡುಗಿ ಡಾಕ್ಟರ್ ಆದಳು ಎಂದು ಸಾರಿದ್ದಾರೆ. ಮಂಡಿನೋವು ಹೇಳಿಕೊಂಡು ಬರುವವರನ್ನು ಸಾಗಹಾಕುವುದೇ ಈಗ ನನ್ನ ಕೆಲಸ.

ನೀವು ನಗುತ್ತೀರಿ. ನಗಿ. ಆದರೆ ಈ ಕಾಗದ ಬರೆಯುತ್ತಿರುವುದು ಬೇರೆ ಕಾರಣಕ್ಕೆ.

ನಾನು ಮೊದಲ ಸಲ ಬಂದಾಗ ನೀವು ಮೆಕ್ಕೆಜೋಳ ಮುರಿದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿ ನಿಲ್ಲಿಸಿದ್ದಿರಿ. ಆಗಷ್ಟೇ ವಿಶ್ವವಿದ್ಯಾಲಯದಲ್ಲಿ ನಮಗೆ ಸಂಶೋಧನೆಯ ನೀತಿಯ ಬಗ್ಗೆ ತರಬೇತಿ ಮುಗಿದಿತ್ತು. ಕಂಡವರ ಬರಹ ಕದಿಯಬಾರದು, ಇಲ್ಲದ ಅಂಕಿ ಅಂಶ ಹುಟ್ಟಿಸಬಾರದು, ಯಾರ ಮಾತು ಬರೆದುಕೊಳ್ಳುತ್ತೇವೋ ಅವರಿಗೆ ಎಲ್ಲ ತಿಳಿಸಿ ಒಪ್ಪಿಗೆ ಪಡೆಯಬೇಕು, ಅವರು ಯಾವಾಗ ಬೇಡ ಅಂದರೂ ಬಿಟ್ಟುಬಿಡಬೇಕು. ಗಿಳಿಪಾಠ ಒಪ್ಪಿಸಿ ಸರ್ಟಿಫಿಕೇಟ್ ತಂದಿದ್ದೆ. ಒಪ್ಪಿಗೆಯ ಕಾಗದ ಮುಂದೆ ಹಿಡಿದದ್ದೇ ತಡ, ನೀವು ಕೈ ಹಿಂದಕ್ಕೆ ಎಳೆದುಕೊಂಡಿರಿ. "ಕಾಗ್ದಕ್ಕೆ ಹೆಬ್ಬೆಟ್ಟು ಒತ್ತೇ ನಮ್ಮಪ್ಪ ಪಹಣೀಲಿದ್ದ ಹೆಸ್ರು ಕಳ್ಕಂಡಿದ್ದು. ಮಾತು ಬೇಕಾದ್ರೆ ಆಡ್ತೀನಿ, ಒತ್ತಲ್ಲ ನೋಡು" ಅಂದಿರಿ.

ಬಾಯಿಮಾತಿನ ಒಪ್ಪಿಗೆಯೇ ಸಾಕು ಎಂದು ವಿಶ್ವವಿದ್ಯಾಲಯದ ಸಮಿತಿಯವರು ಅನುಮತಿ ಕೊಟ್ಟರು. ನಾನು ಅಲ್ಲಿಗೆ ಸುಮ್ಮನಿರಬೇಕಿತ್ತು. ಜಾಣತನ ಹೆಚ್ಚಾಯಿತು. ಊರಿನ ರೀತಿಯಲ್ಲೇ ಕೇಳೋಣವೆಂದು ಅಜ್ಜಿಯ ಡಬ್ಬಿಯಿಂದ ಎಲೆ ಅಡಿಕೆ ತಂದು ನಿಮ್ಮ ಕೈಗಿಟ್ಟು, "ನಿಮ್ಮ ಕತೆ ಬರ್ಕೊಳ್ಲೇನ್ರೀ ಅಮ್ಮ?" ಎಂದೆ. ನೀವು ಕಣ್ಣಿಗೊತ್ತಿಕೊಂಡು ತೆಗೆದುಕೊಂಡಿರಿ. ವಿಭಾಗದಲ್ಲಿ ಇದನ್ನು ಹೇಳಿ ಚಪ್ಪಾಳೆಯನ್ನೂ ಗಿಟ್ಟಿಸಿದ್ದೆ.

ಆಮೇಲೊಂದು ಮಧ್ಯಾಹ್ನ ಮರಿಗಳಿಗೆ ಸೊಪ್ಪು ಹಾಕುತ್ತಾ ನೀವು ಆ ಮಾತು ಹೇಳಿದಿರಿ. ಅದು ಸೊರಬದ ಕಡೆಯ ನಿಮ್ಮ ತವರಿನದು ಎನ್ನುವಷ್ಟು ಸುಮಾಗೂ ಗೊತ್ತು. ಅದಕ್ಕಿಂತ ಹೆಚ್ಚು ಈ ಕಾಗದದಲ್ಲಿ ಇರುವುದಿಲ್ಲ. ಸುಮಾ, ನೀನೂ ಕೆದಕಬೇಡ. ನನ್ನ ಬರಹಕ್ಕೆ ಜೀವ ಬಂದದ್ದೇ ಆ ಮಾತಿನಿಂದ. ನನ್ನ ಮಾರ್ಗದರ್ಶಕಿ ಗಂಗಾಶ್ರೀ ಮೇಡಂ ಓದಿ, ಇದೊಂದು ಅಧ್ಯಾಯ ಸಾಕು ಕಣೇ ಅಂದಿದ್ದರು. ನಿಮ್ಮ ಹೆಸರು ಬದಲಿಸಿದ್ದೆ. ಹೆಸರು ಬದಲಿಸಿದರೇನು, ನಿಮ್ಮ ತವರೂರಿನವರು ಒಂದು ಪುಟ ಓದಿದರೂ ಗುರುತು ಹಿಡಿಯುತ್ತಿದ್ದರು, ಅಣ್ಣನ ಮನೆಯ ಬಾಗಿಲು ನಿಮಗೆ ಮುಚ್ಚಿಹೋಗುತ್ತಿತ್ತು.

ಅಷ್ಟರಲ್ಲಿ ಸುಮಾ ಫೋನ್ ಮಾಡಿ ಬೈದಳು: "ನೀವು ಬಂದ್ ಹೋದಾಗಿಂದ ಅತ್ತೆ ಸರಿಯಾಗಿ ಉಣ್ತಿಲ್ಲ ಕಣ್ರೀ. ಏನ್ ಕೇಳಿದ್ರಿ ಅವ್ರನ್ನ?" ಓಡಿ ಬಂದೆ. ಬೇಡವಾದರೆ ಆ ಮಾತು ತೆಗೆದುಬಿಡುತ್ತೇನೆ ಅಂದೆ. ನೀವು ನನ್ನ ಮುಖ ನೋಡಲಿಲ್ಲ. "ಎಲೆ ಅಡಿಕೆ ತಗಂಡೀನಲ್ಲ ಮಗಾ. ಈಗ ಬ್ಯಾಡ ಅನ್ನಾಕೆ ಬರ್ತತಾ? ಬರ್ಕ."

ನಾನು ಮಾಡಿದ್ದೇನೆಂದು ಆಗ ಹೊಳೆಯಿತು. ನಮ್ಮ ಕಡೆ ಮದುವೆ ಮಾತು ಗಟ್ಟಿಯಾಗುವುದೇ ಎಲೆ ಅಡಿಕೆ ಕೊಟ್ಟು ತೆಗೆದುಕೊಂಡ ಮೇಲೆ. ಆಮೇಲೆ ಹಿಂದೆ ಸರಿದವರು ಮಾತು ತಪ್ಪಿದವರು. ಯಾವಾಗ ಬೇಕಾದರೂ ಬಿಡಬಹುದು ಎಂದು ಬಾಯಲ್ಲಿ ಹೇಳುತ್ತಾ, ಬಿಡಿಸಲಾಗದ ಗಂಟನ್ನು ನಾನೇ ನಿಮ್ಮ ಕೈಗೆ ಕೊಟ್ಟಿದ್ದೆ. ಸಹಿಯ ಕಾಗದವಾಗಿದ್ದರೆ ಹರಿದಾದರೂ ಹಾಕಬಹುದಿತ್ತು.

"ನನ್ನ ಎಲೆ ವಾಪಸ್ ಕೊಡ್ರೀ ಅಮ್ಮ" ಎಂದು ಕೈಯೊಡ್ಡಿದಾಗ ನಿಮಗೆ ಸಿಟ್ಟು ಬಂತು. "ಎಲೆ ತಿರುಗಿ ಕೊಟ್ರೆ ಸಂಬಂಧ ಮುರೀತು ಅಂತ ಅಲ್ಲೇನೇ? ನಿಂಗೆ ನಾ ಬ್ಯಾಡಾದ್ನಾ?" ನನಗೆ ಅಳು ಬಂತು. ಆ ಮಾತು ನಿಮ್ಮದು, ನಿಮ್ಮ ಹತ್ತಿರವೇ ಇರಲಿ, ನನಗೆ ನೀವು ಬೇಕು ಎಂದೆ. ಆಗ ನೀವು ಎಲೆ ಅಡಿಕೆ ಚೀಲ ಬಿಚ್ಚಿ, ಒಂದು ಎಲೆಯನ್ನು ಎರಡಾಗಿ ಸೀಳಿ, ಸುಣ್ಣ ಸವರಿ, ಅರ್ಧ ನನ್ನ ಅಂಗೈಗಿಟ್ಟು ಇನ್ನರ್ಧ ನೀವು ಬಾಯಿಗೆ ಹಾಕಿಕೊಂಡಿರಿ. "ತಗ, ಮಾತು ವಾಪಸ್ ಆತು. ಉಳಿದರ್ಧ ನಂಟಿಗೆ." ಸುಣ್ಣ ಹೆಚ್ಚಾಗಿ ನನ್ನ ನಾಲಿಗೆ ಸುಟ್ಟಿತು, ಆದರೂ ಉಗುಳಲಿಲ್ಲ. ಫೋನಿನಲ್ಲಿದ್ದ ನಿಮ್ಮ ದನಿಯನ್ನು ನಿಮ್ಮ ಬೆರಳಿನಿಂದಲೇ ಒತ್ತಿಸಿ ಅಳಿಸಿದೆ.

ಮರುದಿನ ಸುಮಾ, ಅತ್ತೆ ಕೇಳಿ ರೊಟ್ಟಿ ಹಾಕಿಸಿಕೊಂಡರು ಎಂದು ಹೇಳಿದಳು. ಅವತ್ತು ನಾನೂ ಹೊಟ್ಟೆತುಂಬ ಉಂಡೆ.

ಆ ಮಾತು ತೆಗೆಯುತ್ತೇನೆ ಎಂದಾಗ ಗಂಗಾಶ್ರೀ ಮೇಡಂ ಮುಖ ಸಣ್ಣದು ಮಾಡಿಕೊಂಡರು, ಆದರೆ ಬೇಡ ಅನ್ನಲಿಲ್ಲ. ಅಧ್ಯಾಯವನ್ನು ಮತ್ತೆ ಬರೆಯಬೇಕಾಗಿ ಆ ವರ್ಷ ಪ್ರಬಂಧ ಸಲ್ಲಿಸಲಾಗಲಿಲ್ಲ. ಕೊನೆಗೆ ಓದಿದ ಪರೀಕ್ಷಕರು, ಈ ಅಧ್ಯಾಯ ಸ್ವಲ್ಪ ಸಪ್ಪೆ ಎಂದು ಬರೆದಿದ್ದಾರೆ. ಸಪ್ಪೆಯೇ. ನನಗೆ ಹೆಮ್ಮೆ ಇರುವುದು ಆ ಸಪ್ಪೆ ಅಧ್ಯಾಯದ ಬಗ್ಗೆಯೇ. ಅಮ್ಮ, ನೀವು ನನ್ನನ್ನು ಬೈದು ಅಟ್ಟಬಹುದಿತ್ತು. ಅಟ್ಟದೆ ಕೂರಿಸಿಕೊಂಡು, ತಪ್ಪು ತಿದ್ದಿಕೊಳ್ಳಲು ಜಾಗ ಕೊಟ್ಟಿರಿ. ತರಬೇತಿಯಲ್ಲಿ ಕಲಿತದ್ದು ನನಗೆ ಅರ್ಥವಾದದ್ದು ನಿಮ್ಮ ಹೊಲದಲ್ಲಿ. ಈ ಋಣ ತೀರುವಂಥದ್ದಲ್ಲ, ತೀರುವುದೂ ಬೇಡ.

ಈಗ ವಿಷಯಕ್ಕೆ ಬರುತ್ತೇನೆ. ಬರುವ ತಿಂಗಳು ಹೊಸ ವಿದ್ಯಾರ್ಥಿಗಳಿಗೆ ಅದೇ ತರಬೇತಿ ಇದೆ, ನನ್ನನ್ನು ಮಾತಾಡಲು ಕರೆದಿದ್ದಾರೆ. ಎಲೆ ಅಡಿಕೆಯ ಸಂಗತಿ ಹೇಳಬೇಕೆಂದು ಆಸೆ. ನಿಮ್ಮ ಹೆಸರು, ಊರು ಹೇಳುವುದಿಲ್ಲ, ತವರಿನ ಮಾತಂತೂ ನನ್ನ ಜೊತೆಗೇ ಮಣ್ಣಿಗೆ. ಹೇಳಲೇನು? ಬೇಡವೆನಿಸಿದರೆ ಬೇಡ ಅನ್ನಿ, ಕಾರಣ ಕೇಳುವುದಿಲ್ಲ. ಈಗ ಹೂಂ ಅಂದು ಆಮೇಲೆ ಬೇಡ ಅಂದರೂ ಸರಿಯೇ.

ನಿಮ್ಮ ಮಂದೆ ಹೆಚ್ಚಲಿ, ತವರಿನ ದಾರಿ ನಿಮಗೆ ಸದಾ ತೆರೆದಿರಲಿ. ದೊಡ್ಡವರಿಗೆ ಬರೀ ಕಾಗದ ಕಳಿಸುತ್ತೀಯಾ, ಎಲೆ ಅಡಿಕೆ ಇಡೇ ಎಂದು ಅಜ್ಜಿ ಗದರುತ್ತಿದ್ದಾರೆ. ಈ ಸಲ ಇಟ್ಟಿಲ್ಲ, ಅಮ್ಮ.

ಉಳಿದರ್ಧ ಎಲೆಯ ನಂಟಿನವಳು,
ಅಂಬರೀನ್