ಕೊಟ್ಟಿಗೆಯ ಮೊಳೆಗೆ ತೂಗಿದ ಸೀರೆ

ಅವ್ವನ ಪಾದಗಳಿಗೆ ಕಾಂತೇಶನ ನಮಸ್ಕಾರ.

ಈ ಕಾಗದವನ್ನು ವನಜಾಕ್ಷಿಯ ಕೈಗೆ ಕೊಟ್ಟು ಓದಿಸಬೇಡ. ನೀನೇ ಕೂಡಿಸಿಕೊಂಡು ಓದು. ಅದಕ್ಕೇ ಅಕ್ಷರಗಳನ್ನು ದಪ್ಪಗೆ, ಬಿಡಿಬಿಡಿಯಾಗಿ ಬರೆಯುತ್ತಿದ್ದೇನೆ. ಒಂದೇ ಸಲಕ್ಕೆ ಆಗದಿದ್ದರೆ ಮಗು ಮಲಗಿದಾಗಲೆಲ್ಲ ಅಷ್ಟಷ್ಟು ಓದು.

ಅಪ್ಪ ನನಗೆ ಬರೆಯಲು ಹೇಳಿರುವುದು ಒಂದೇ ಮಾತು. "ಭಾನುವಾರದೊಳಗೆ ಹೊರಟು ಬಾ ಅಂತ ಬರಿ, ಸಾಕು." ಅಷ್ಟಕ್ಕೇ ಆಗಿದ್ದರೆ ಒಂದು ಕಾರ್ಡು ಹೆಚ್ಚಾಗುತ್ತಿತ್ತು. ನಾನು ಹಾಳೆಗಳನ್ನು ಹಿಡಿದು ಅಟ್ಟದ ಮೆಟ್ಟಿಲ ಮೇಲೆ ಕೂತಿದ್ದೇನೆ. ಮೇಲೆ ಅಪ್ಪ ಕೊಬ್ಬರಿಗೆ ಹಾಕಿದ ಕಾಯಿಗಳನ್ನು ಹೊರಳಿಸುತ್ತಿದ್ದಾನೆ. ಒಣಗಿದವು ಲೊಟಲೊಟ ಅನ್ನುತ್ತಿವೆ. ಹೊರಳಿಸುವುದು ಆಗಲೇ ಮುಗಿದಿದೆ, ಇದು ಎರಡನೇ ಸುತ್ತು ಎಂದು ನನಗೆ ಗೊತ್ತು. ಕೆಳಗೆ ಇಳಿದರೆ ನನ್ನ ಮುಖ ನೋಡಬೇಕಲ್ಲ ಎಂದು ಅಲ್ಲೇ ಇದ್ದಾನೆ.

ಬಸುರಿ ವನಜಾಕ್ಷಿಗೆ ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ್ದರಿಂದ ಬಾಣಂತನಕ್ಕೆ ನೀನೇ ಅಮ್ಮಸಂದ್ರಕ್ಕೆ ಹೋಗಬೇಕಾಯಿತು. ಹೊರಡುವ ದಿನ ನೀನು ಅಳಲಿಲ್ಲ, ದೇವರಿಗೆ ಕೈಮುಗಿಯಲೂ ಮರೆತೆ. ನೆಟ್ಟಗೆ ಕೊಟ್ಟಿಗೆಗೆ ಹೋಗಿ, ಉಟ್ಟು ಹಳತಾದ ಹಸಿರು ಸೀರೆಯನ್ನು ಮೊಳೆಗೆ ತೂಗುಹಾಕಿದೆ. "ಇದನ್ನ ಒಗೀಬೇಡ ಕಣಪ್ಪ. ಸುತ್ಕೊಂಡು ಕೂತ್ಕೊ. ಮಾತಾಡ್ಬೇಡ, ಕೆಮ್ಮಬೇಡ. ಕೆಂದಿಗೆ ನಾನೇ ಅನ್ನಿಸ್ಬೇಕು." ಕರು ಸತ್ತ ಮೇಲೆ ಕೆಂದಿ ನಿನ್ನ ಕೈಗಲ್ಲದೆ ಬೇರೆಯವರಿಗೆ ಹಾಲು ಇಳಿಸುತ್ತಿರಲಿಲ್ಲ. ಮಗಳ ಹೆರಿಗೆಗೂ ಹಸುವಿನ ಅಪ್ಪಣೆ ಕೇಳಬೇಕಾದ ಬಾಳು ನಿನ್ನದಾಗಿತ್ತು ಎಂದು ನನಗೆ ಆಗ ಹೊಳೆಯಲಿಲ್ಲ. ಮೂರು ತಿಂಗಳಲ್ಲವೇ, ಸುತ್ತಿಕೊಂಡರಾಯಿತು ಎಂದುಕೊಂಡೆ.

ಅಪ್ಪನೇ ಹಾಲು ಕರೆಯಬಹುದಿತ್ತು. ಕೇಳಿದ್ದಕ್ಕೆ, "ನಮ್ಮಪ್ಪ ಹಸೀನ ಕೆಳಗೆ ಕೂತೋನಲ್ಲ, ನಾನೂ ಕೂರಾಕಿಲ್ಲ. ನೀನು ಓದಿದೋನು, ನಿಂಗೆ ನಡೀತದೆ" ಅಂದ. ಓದಿದವರಿಗೆ ಮಾನ ಕಡಿಮೆ ಇದ್ದರೂ ಸಾಕು ಎಂಬ ಈ ಲೆಕ್ಕ ನನಗೆ ಯಾವ ಪ್ರೊಫೆಸರೂ ಹೇಳಿಕೊಟ್ಟಿರಲಿಲ್ಲ.

ಪ್ಯಾಂಟಿನ ಮೇಲೆ ಸೀರೆ ಸುತ್ತಿ, ಸೆರಗನ್ನು ತಲೆಗೆ ಎಳೆದುಕೊಂಡು ಕೂತ ಮೊದಲ ದಿನ ಬೆನ್ನೆಲ್ಲ ಕಣ್ಣಾಗಿತ್ತು. ಯಾರಾದರೂ ನೋಡಿದರೆ ಎಂದು ಕೊಟ್ಟಿಗೆಯ ಬಾಗಿಲಿಗೆ ಸೋಗೆಯ ತಡಿಕೆ ಅಡ್ಡ ಇಟ್ಟೆ. ಊರಲ್ಲಿ ಅಂಥದ್ದು ಎಷ್ಟು ದಿನ ನಿಲ್ಲುತ್ತದೆ? ಕೊಬ್ಬರಿ ಲಾರಿಯ ಮೈಲಾರಿ ಡೈರಿಯ ಮುಂದೆ ಎಲ್ಲರೆದುರಿಗೆ, "ಏನಮ್ಮಣ್ಣಿ, ಸೆರಗು ಜಾರೀತು ಕಣ್ಲಾ, ಹುಷಾರು" ಅಂದ. ಹಾಲು ಅಳೆಯುತ್ತಿದ್ದ ಶಂಭುಲಿಂಗಯ್ಯನವರೂ ನಕ್ಕರು. ನಾನೂ ನಕ್ಕೆ. ನಗದಿದ್ದರೆ ಇನ್ನೂ ಬೆಳೆಯುತ್ತದೆ ಎಂದು ಗೊತ್ತಿತ್ತು. ಪಕ್ಕದ ಮನೆಯ ರಂಗಕ್ಕ ಮಾತ್ರ ಒಂದು ದಿನ ತಡಿಕೆಯ ಸಂದಿಯಿಂದ ನೋಡಿ, "ಹಿಂದಿಂದ ನೋಡುದ್ರೆ ನಿಮ್ಮವ್ವ ಹಾಲಮ್ಮನೇ ಕಣಪ್ಪ, ಆ ಬಗ್ಗಿದ ಕತ್ತು ಹಂಗೇ ಅದೆ" ಎಂದಳು. ಆ ಮಾತಿಗೆ ಮಾತ್ರ ನನಗೆ ನಗು ಬರಲಿಲ್ಲ.

ಅವ್ವ, ಆ ಸೀರೆಯೊಳಗೆ ಕೂತು ನಾನು ಕಂಡದ್ದನ್ನು ಹೇಳುತ್ತೇನೆ. ಬೆಳಿಗ್ಗೆ ಕೋಳಿಪಂಜರ ತೆಗೆಯುವುದಕ್ಕಿಂತ ಮುಂಚೆ ಒಂದು ಸಲ, ಸಂಜೆ ಮೇಕೆ ಕಟ್ಟಿದ ಮೇಲೆ ಒಂದು ಸಲ ಹಾಲು ಕರೆಯಬೇಕು. ಇವೆರಡರ ನಡುವೆ ಎಲ್ಲಿಗೆ ಹೋಗಿ ಬರಬಹುದೋ ಅಷ್ಟೇ ಪ್ರಪಂಚ. ತಿಪಟೂರಿಗೆ ಹೋಗಬಹುದು, ಲೈಬ್ರರಿಯಲ್ಲಿ ಒಂದಿಷ್ಟು ಹೊತ್ತು ಕೂರಬಹುದು. ಪುಸ್ತಕದಲ್ಲಿ ಮನಸ್ಸು ಇಳಿಯುತ್ತಿದೆ ಅನ್ನುವಾಗ ಬಸ್ಸಿನ ಹೊತ್ತಾಗಿರುತ್ತದೆ. ಗೆಳೆಯ ತೋಂಟದಾರ್ಯನ ಮದುವೆಗೆ ಚಿಕ್ಕನಾಯಕನಹಳ್ಳಿಗೆ ಹೋದವನು ಧಾರೆಯ ಹೊತ್ತಿಗೆ ಎದ್ದು ಬಂದೆ. ದಾರಿಯಲ್ಲಿ ನೆನಪಾಯಿತು. ವನಜಾಕ್ಷಿಯ ಮದುವೆಯ ಹಿಂದಿನ ಸಂಜೆ, ತಿಪಟೂರಿನ ಛತ್ರದಲ್ಲಿ ವರಪೂಜೆ ನಡೆಯುತ್ತಿರುವಾಗ ನೀನು ಕಾಣಿಸಲಿಲ್ಲ. ಹುಡುಗಿಯ ತಾಯಿ ಎಲ್ಲಿ ಎಂದು ಬೀಗರು ಕೇಳಿದಾಗ ಅಪ್ಪ, ಅಡಿಗೆಮನೆಯಲ್ಲಿದ್ದಾಳೆ ಎಂದಿದ್ದ. ನೀನು ಊರಿನ ಬಸ್ಸಿನಲ್ಲಿದ್ದೆ, ಆಗ ನಮ್ಮಲ್ಲಿದ್ದ ಬೇರೊಂದು ಹಸುವಿನ ಹಾಲು ಕರೆಯಲು. ಬೆಳಿಗ್ಗೆ ಬಂದವಳು ಆರತಿ ತಟ್ಟೆ ಹಿಡಿದು ನಿಂತಿದ್ದೆ. ನಿನ್ನನ್ನು ಯಾರೂ ಏನೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ನಿನಗೆ ಇನ್ನೂ ತಿಳಿಸದ ಸಂಗತಿ ಒಂದಿದೆ. ನನಗೆ ಕೆಲಸ ಸಿಕ್ಕಿದೆ. ಹಡಗಲಿ ಕಡೆ ಒಂದು ವಸತಿ ಶಾಲೆಯಲ್ಲಿ ಕನ್ನಡ ಮೇಷ್ಟ್ರು. ಅಲ್ಲೇ ಇರಬೇಕು. ಬರುವ ಮಂಗಳವಾರ ಸೇರದಿದ್ದರೆ ಬೇರೆಯವರಿಗೆ ಕೊಡುತ್ತಾರಂತೆ. ಪತ್ರ ಬಂದ ದಿನ ನಾನು ಅದನ್ನು ಅಪ್ಪನಿಗೆ ಓದಿ ಹೇಳಿದೆ. ಅಪ್ಪನಿಗೆ ಸಂತೋಷವಾಯಿತು, ಸುಳ್ಳು ಹೇಳಬಾರದು. ಹೆಗಲ ಟವಲು ತೆಗೆದು ಮುಖ ಒರೆಸಿಕೊಂಡ. ಆಮೇಲೆ ಅವನು ಅಂದದ್ದು, "ಹಂಗಾದ್ರೆ ನಿಮ್ಮವ್ವನ್ನ ಕರೆಸ್ಬೇಕು." ಮಗು ಹುಟ್ಟಿ ಐದು ತಿಂಗಳಾಯಿತು, ಇನ್ನೇನು ಬಾಣಂತನ ಎಂಬುದು ಅವನ ವಾದ. ಅದರಲ್ಲಿ ನ್ಯಾಯ ಇಲ್ಲವೆಂದು ಹೇಗೆ ಹೇಳಲಿ? ನಾನು ಹೋಗಬೇಕಾದರೆ ನೀನು ಬರಬೇಕು. ಒಂದೇ ಹಗ್ಗ, ಒಂದು ಕತ್ತಿನಿಂದ ಬಿಚ್ಚಿದರೆ ಇನ್ನೊಂದು ಕತ್ತಿಗೆ. ಹಸುವನ್ನೇ ಮಾರೋಣ ಎಂದರೆ, ಬೇರೆ ಕೈಗೆ ಹಾಲು ಇಳಿಸದ ಹಸುವನ್ನು ಕೊಳ್ಳಲು ಬರುವವನು ಕಟುಕ ಮಾತ್ರ. ಅದು ನಿನ್ನಿಂದಲೂ ಆಗದು, ನನ್ನಿಂದಲೂ ಆಗದು.

ಮೊನ್ನೆ ನಾನು ಅಮ್ಮಸಂದ್ರಕ್ಕೆ ಬಂದದ್ದು ನಿನ್ನನ್ನು ಕರೆಯಲಿಕ್ಕೇ. ಅದರ ಹಿಂದಿನ ದಿನ ರಂಗಕ್ಕ ಒಂದು ಎಡವಟ್ಟು ಮಾಡಿದ್ದಳು. ನಾನು ಡೈರಿಗೆ ಹೋಗಿದ್ದಾಗ, ಪಾಪದ ಹುಡುಗ ಎಷ್ಟು ದಿನ ಈ ಗಬ್ಬು ಸುತ್ತಿಕೊಳ್ಳುತ್ತಾನೆ ಎಂದು ಕನಿಕರಪಟ್ಟು ಹಸಿರು ಸೀರೆಯನ್ನು ಸೋಪು ಹಾಕಿ ಒಗೆದು, ಬಿಸಿಲಿಗೆ ಹರವಿ, ಮಡಚಿಟ್ಟು ಹೋಗಿದ್ದಳು. ಆ ಸಂಜೆ ಕೆಂದಿ ಸೀರೆಯನ್ನು ಮೂಸಿ ಪಕ್ಕಕ್ಕೆ ಸರಿಯಿತು. ಬೆಳಿಗ್ಗೆಯೂ ಅಷ್ಟೇ. ನೀನು ಬರಲಾಗದಿದ್ದರೆ ನೀನು ಉಟ್ಟ ಇನ್ನೊಂದು ಸೀರೆಯನ್ನಾದರೂ ತರುತ್ತೇನೆ ಎಂದು ರೈಲು ಹತ್ತಿದೆ. ಅಪ್ಪ ಮಾತ್ರ, "ಅವಳನ್ನೇ ಕರ್ಕೊಂಡ್ ಬಾ" ಅಂದಿದ್ದ.

ನಾನು ಬಂದಾಗ ನೀನು ಮಲಗಿದ್ದೆ. ನಡು ಮಧ್ಯಾಹ್ನ, ಕ್ವಾರ್ಟರ್ಸಿನ ಆ ಸಣ್ಣ ಕೋಣೆಯಲ್ಲಿ ಫ್ಯಾನಿನ ಕೆಳಗೆ, ಕೂದಲು ಬಿಚ್ಚಿಕೊಂಡು, ಒಂದು ಕೈ ಮಗುವಿನ ತೊಟ್ಟಿಲ ಕೆಳಗೆ ಚಾಚಿಕೊಂಡು. ಬಾಗಿಲಲ್ಲೇ ನಿಂತುಬಿಟ್ಟೆ. ನಿನ್ನ ಹೊಟ್ಟೆಯಲ್ಲಿ ಹುಟ್ಟಿ ಇಷ್ಟು ವರ್ಷ ನಿನ್ನ ಜೊತೆಗೇ ಬೆಳೆದವನು, ನೀನು ನಿದ್ದೆ ಮಾಡುವುದನ್ನು ನಾನು ಹಗಲಿನ ಬೆಳಕಿನಲ್ಲಿ ನೋಡಿಯೇ ಇರಲಿಲ್ಲ. ನಾನು ಏಳುವುದರೊಳಗೆ ನೀನು ಎದ್ದಿರುತ್ತಿದ್ದೆ. ವನಜಾಕ್ಷಿ ಅಡಿಗೆಮನೆಯಿಂದ ಬಂದು ಪಿಸುಗುಟ್ಟಿದಳು, "ಎಬ್ಬಿಸ್ಬೇಡ ಕಣೋ, ಈಗೀಗ ಕಲ್ತವ್ಳೆ." ಆಮೇಲೆ ಚಾಚಿದ ನಿನ್ನ ಕೈ ಕಂಡಿತು. ನಿದ್ದೆಯಲ್ಲೇ ಬೆರಳುಗಳು ಒಂದೊಂದಾಗಿ ಮಡಚಿಕೊಳ್ಳುತ್ತಿದ್ದವು, ಬಿಚ್ಚಿಕೊಳ್ಳುತ್ತಿದ್ದವು. ನಾನು ಹೊರಗೆ ಹೋಗಿ ನಲ್ಲಿಯ ಹತ್ತಿರ ನಿಂತು ಮುಖ ತೊಳೆದುಕೊಂಡೆ.

ಎದ್ದ ಮೇಲೆ ನೀನು ಮೊದಲು ಕೇಳಿದ್ದು ಕೆಂದಿಯನ್ನು. ಚೆನ್ನಾಗೈತೆ ಅಂದೆ. ಕಾಫಿ ಕೊಡುತ್ತಾ, ಇಲ್ಲಿ ಹಾಲಿನವನೇ ಬಾಗಿಲಿಗೆ ಬರುತ್ತಾನೆ ಎಂದು ಹೇಳುವಾಗ ನಿನ್ನ ಮುಖ ಹೊಸ ಬಳೆ ತೋರಿಸುವ ಹುಡುಗಿಯ ಮುಖವಾಗಿತ್ತು. "ನಾನು ಎದ್ದು ಪಾತ್ರೆ ಹಿಡುದ್ರೆ ಸಾಕು ಕಣೋ. ಒಂದಿನ ಏಳ್ನೇ ಇಲ್ಲ. ಅವನೇ ಎರಡು ಸಲ ಕೂಗ್ದ." ನಿನ್ನನ್ನು ಕರೆಯಲೆಂದು ತಂದಿದ್ದ ಮಾತನ್ನು ಬಿಟ್ಟು ಕಾಫಿ ಕುಡಿದೆ. ಕೆಲಸದ ವಿಷಯ ಹೇಳಿದರೆ ನೀನು ಆ ಗಳಿಗೆಯಲ್ಲೇ ಚೀಲ ಕಟ್ಟುತ್ತಿದ್ದೆ, ನನಗೆ ಗೊತ್ತು. ರಂಗಕ್ಕ ಸೀರೆ ಒಗೆದ ಕತೆಯನ್ನಷ್ಟೇ ಹೇಳಿದೆ. ನೀನು ಹೊಟ್ಟೆ ಹಿಡಿದು ನಕ್ಕು, ಒಳಗೆ ಹೋಗಿ ಉಟ್ಟಿದ್ದ ಸೀರೆಯನ್ನೇ ಬಿಚ್ಚಿ ಬೇರೆ ಉಟ್ಟು ಬಂದು, ಅದನ್ನು ಸುತ್ತಿ ನನ್ನ ಚೀಲಕ್ಕೆ ತುರುಕಿದೆ.

ಅದನ್ನು ಸುತ್ತಿಕೊಂಡು ಸಂಜೆ ಕೊಟ್ಟಿಗೆಗೆ ಹೋದೆ. ಕೆಂದಿ ಮೂಸಿತು. ಸೆರಗಿನಿಂದ ಸೊಂಟದವರೆಗೆ ಮೂಸಿತು. ಬಜೆ, ಸಾಂಬ್ರಾಣಿ ಹೊಗೆ, ಮಗುವಿನ ಪೌಡರು. ಸಗಣಿ ಇರಲಿಲ್ಲ, ಹಿಂಡಿ ಇರಲಿಲ್ಲ, ಒಲೆಗೆ ಹಾಕುವ ಮಟ್ಟೆಯ ಹೊಗೆ ಇರಲಿಲ್ಲ. ಬುಸ್ಸೆಂದು ಉಸಿರು ಬಿಟ್ಟು ಗೋಡೆಯ ಕಡೆ ತಿರುಗಿ ನಿಂತಿತು. ಆ ಸೀರೆಯಲ್ಲಿದ್ದವಳು ಅದಕ್ಕೆ ಯಾರೋ ಬೇರೆಯವಳು. ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ. "ಬಟ್ಟೆ ಕರ್ಕೊಂಡ್ ಬಂದವ್ನೆ ನನ್ ಮಗ" ಎಂದು ಗೊಣಗಿ ಹೋದ.

ಮಾರನೆಯ ಬೆಳಿಗ್ಗೆ ನಾನು ಯಾವ ಸೀರೆಯನ್ನೂ ಮುಟ್ಟಲಿಲ್ಲ. ಹಾಲಿಗೆಂದು ಹೋದದ್ದೂ ಅಲ್ಲ. ಕೆಚ್ಚಲು ಕಲ್ಲಿನಂತಾಗಿತ್ತು, ಹರಳೆಣ್ಣೆ ಬಿಸಿ ಮಾಡಿಕೊಂಡು ಸವರಲು ಹೋಗಿದ್ದೆ. ಮೈಮೇಲೆ ನನ್ನದೇ ಹಳೆಯ ನೀಲಿ ಅಂಗಿ. ಸಾಕಾಗಿ ಹಣೆಯನ್ನು ಅದರ ಹೊಟ್ಟೆಗೆ ಒತ್ತಿ ಕೂತೆ. ಬಾಯಿಗೆ ಬಂದದ್ದನ್ನು ಮಾತಾಡಿದೆ, ನಿನ್ನ ಕಟ್ಟಳೆಯನ್ನೆಲ್ಲ ಮುರಿದು. ಆಗ ಮಣಿಕಟ್ಟಿನ ಮೇಲೆ ಬೆಚ್ಚಗೆ ಏನೋ ಬಿತ್ತು. ನೋಡಿದರೆ ಹಾಲು. ತಾನಾಗಿ ಇಳಿಯುತ್ತಿತ್ತು.

ಎಷ್ಟೋ ದಿನಗಳಿಂದ ಅದಕ್ಕೆ ಬೇಕಾಗಿದ್ದುದು ನೀನಲ್ಲ, ನಾನು. ನಿನ್ನ ಹಸಿರು ಸೀರೆಯಲ್ಲಿ ಇದ್ದದ್ದು ನನ್ನ ಬೆವರು, ರಂಗಕ್ಕ ತೊಳೆದದ್ದು ಅದನ್ನೇ. ಚೆಂಬು ತುಂಬುತ್ತಾ ಬಂದ ಹಾಗೆ ನನ್ನ ಎದೆ ಇಳಿಯುತ್ತಾ ಹೋಯಿತು. ಯಾರಿಗಾದರೂ ಸಂತೋಷವಾಗಬೇಕಾದ ಗಳಿಗೆ. ನನಗೆ ಹೊರಗಿನಿಂದ ಯಾರೋ ಅಗಳಿ ಹಾಕಿದ ಹಾಗಾಯಿತು.

ಅಪ್ಪನಿಗೆ ಹೇಳಿದೆ. ಮುಚ್ಚಿಟ್ಟು ನಿನ್ನನ್ನು ಕರೆಸಿ ನಾನು ಬಸ್ಸು ಹತ್ತಬಹುದಿತ್ತು, ಆ ಯೋಚನೆ ಬರಲಿಲ್ಲ ಎಂದರೆ ಸುಳ್ಳು. ಹೇಳಿದ ಮೇಲೆ ಅಪ್ಪ, "ಯಾರಾದ್ರೂ ಒಬ್ರು ಇರ್ಲೇಬೇಕಲ್ಲಪ್ಪ. ನೀನಿರ್ತೀಯೋ, ಅವಳನ್ನ ಕರೆಸ್ತೀಯೋ. ಅವಳಾದ್ರೆ ಎರಡು ದಿನದಲ್ಲಿ ಹೊಂದಿಸ್ಕೋತಾಳೆ" ಅಂದ. ಗದರಿಸಲಿಲ್ಲ. ಬೇಡಿದ ಹಾಗಿತ್ತು. ನನ್ನ ಬಾಯಿಂದ ಆ ಮಾತು ಹೇಗೆ ಬಂತೋ ಗೊತ್ತಿಲ್ಲ. ನೆಲ ನೋಡಿಕೊಂಡೇ ಹೇಳಿದೆ.

"ನೀನು ಇದ್ದೀಯಲ್ಲ ಅಪ್ಪ."

ಅಪ್ಪ ಅಟ್ಟ ಹತ್ತಿದ. ಆದರೆ ಇವತ್ತು ಬೆಳಿಗ್ಗೆ ನಾನು ಕೊಟ್ಟಿಗೆಗೆ ಹೋದಾಗ ಅವನು ಆಗಲೇ ಅಲ್ಲಿದ್ದ. ಪಂಚೆ ಎತ್ತಿ ಕಟ್ಟಿ, ಯಾರೂ ನೋಡದ ಹಾಗೆ ತಡಿಕೆ ಅಡ್ಡ ಇಟ್ಟು, ಮಂಡಿ ಮಡಚಲಾರದೆ ಒಂದು ಕಾಲನ್ನು ನೀಡಿಕೊಂಡು ಕೂತಿದ್ದ. ಕೆಂದಿ ಒದೆಯಿತು. ಚೆಂಬು ಗೋಡೆಗೆ ಹೋಗಿ ಬಿತ್ತು. ಅಪ್ಪ ಎದ್ದು ಹೋಗಿ ಚೆಂಬು ತಂದು ಮತ್ತೆ ಕೂತ. ಒಂದು ಹನಿಯೂ ಬರಲಿಲ್ಲ. ಆಮೇಲೆ ನಾನು ಕೂತು ಕರೆದೆ. ಅವನು ಪಕ್ಕದಲ್ಲೇ ನಿಂತು ನನ್ನ ಬೆರಳುಗಳನ್ನು ನೋಡುತ್ತಿದ್ದ. ಹೊರಗೆ ಬಂದವನು, "ಕಾಗದ ಬರಿ. ಭಾನುವಾರದೊಳಗೆ ಬರ್ಲಿ" ಅಂದ. ಸೋತಿದ್ದ. ಆದರೂ ಅವ್ವ, ಕೂತಿದ್ದನಲ್ಲ!

ಸೋಮವಾರ ನಾನು ಹಡಗಲಿಗೆ ಹೋಗಲು ಕಿಬ್ಬನಹಳ್ಳಿ ಕ್ರಾಸಿನಲ್ಲಿ ಹುಳಿಯಾರಿನ ಬಸ್ಸು ಹತ್ತುತ್ತೇನೆ. ಆಮೇಲೆ ಏನಾಗುತ್ತದೆ ಎಂದು ನನಗೆ ಗೊತ್ತು. ಮೈಲಾರಿ ಲಾರಿ ತಂದು ನಿಮ್ಮ ಬೀದಿಯಲ್ಲಿ ನಿಲ್ಲಿಸಿ, ಕೆಂದಿಯ ಕೆಚ್ಚಲು ಬಾತಿದೆ, ಅಪ್ಪನಿಗೆ ಒದ್ದಿದೆ ಎಂದು ಬಣ್ಣ ಕಟ್ಟಿ ಹೇಳುತ್ತಾನೆ. ನಿನ್ನ ಕಾಲುಗಳು ತಾವಾಗಿ ಸ್ಟೇಷನ್ನಿನ ಕಡೆ ಹೊರಡುತ್ತವೆ. ಹೊರಡಬೇಡ. ದನದ ಆಸ್ಪತ್ರೆಯ ಕಾಂಪೌಂಡರಿಗೆ ಹೇಳಿದ್ದೇನೆ, ತೀರಾ ಕಷ್ಟವಾದರೆ ಬಂದು ಸೂಜಿ ಹಾಕಿ ಹಾಲು ಇಳಿಸುತ್ತಾರೆ. ಕೆಂದಿ ಸಾಯುವುದಿಲ್ಲ. ನೋಯುತ್ತದೆ. ಅಪ್ಪನಿಗೂ ನೋಯುತ್ತದೆ. ಅವರಿಬ್ಬರಿಗೂ ಒಬ್ಬರನ್ನೊಬ್ಬರು ಬಿಟ್ಟರೆ ಗತಿ ಇಲ್ಲ ಎನ್ನುವಷ್ಟು ದಿನ ನೀನು ದೂರ ಇರಬೇಕು. ನೀನು ಬಂದೆ ಎಂದು ಕೇಳಿದರೆ ನಾನು ಎಲ್ಲಿದ್ದರೂ ಇಳಿದು ವಾಪಸು ಬರುತ್ತೇನೆ. ಹೆದರಿಸುತ್ತಿಲ್ಲ. ನನ್ನ ಸ್ವಭಾವ ನಿನಗೆ ಗೊತ್ತು, ಅದು ನಿನ್ನಿಂದಲೇ ಬಂದದ್ದು.

ಅಪ್ಪ ಬಾ ಅಂದಿದ್ದಾನೆ. ಅವನ ಮಾತನ್ನು ತಲುಪಿಸದೆ ಬಿಡಬಾರದು, ಅದಕ್ಕೇ ಮೊದಲ ಹಾಳೆಯಲ್ಲೇ ಬರೆದೆ. ಬರಬೇಡ ಎಂಬುದು ನನ್ನ ಮಾತು. ಎರಡರಲ್ಲಿ ಯಾವುದನ್ನು ಕೇಳಬೇಕೆಂದು ನೀನೇ ಯೋಚಿಸು. ಇಷ್ಟು ವರ್ಷಗಳಲ್ಲಿ ನಿನ್ನ ಪಾಲಿಗೆ ಯೋಚಿಸುವಂಥದ್ದು ಏನಾದರೂ ಬಿಟ್ಟಿದ್ದೆವೋ ಇಲ್ಲವೋ.

ಮೇಲೆ ಸದ್ದು ನಿಂತಿದೆ. ಅಪ್ಪ ಇಳಿಯುತ್ತಿದ್ದಾನೆ. ಸಂಜೆಯ ಹೊತ್ತಾಯಿತು, ಕೆಂದಿ ಕೂಗುತ್ತಿದೆ. ಅವನು ನನ್ನ ಕಡೆ ನೋಡದೆ ಚೆಂಬು ತೆಗೆದುಕೊಂಡು ಹೋದ. ನಾನು ಏಳದೆ ಕೂತಿದ್ದೇನೆ. ತುಂಬಾ ಕಷ್ಟ ಅವ್ವ, ಹೀಗೆ ಕೂತಿರುವುದು. ನಿನಗೂ ಹೀಗೇ ಇರುತ್ತದೆ. ಕೂತಿರು.

ಮಗುವಿಗೆ ನನ್ನ ಮುತ್ತು. ನಾಳೆ ಹಾಲಿನವನು ಮೂರು ಸಲ ಕೂಗಲಿ ಎಂದು ಹಾರೈಸುವ,

ನಿನ್ನ ಮಗ
ಕಾಂತೇಶ