ಐವತ್ತು ಮೂಗುಗಳ ಗಮಕ

ಅಕ್ಕಾ,

ಸುಖವಾಗಿ ತಲುಪಿದೆ. ನೀನು ಹೆಣೆದ ಮಫ್ಲರನ್ನು ಅಲ್ಲೇ ಮರೆತು ಬಂದೆ, ಇಳಿದ ದಿನವೇ ನೆಗಡಿ ಹಿಡಿಯಿತು. ನಮ್ಮ ಕಡೆಯ ಹಾಡೊಂದನ್ನು ಕಲಿಸಲು ತಾನೇ ಈ ವಿಶ್ವವಿದ್ಯಾಲಯದವರು ನನ್ನನ್ನು ಕರೆಸಿಕೊಂಡದ್ದು? ಗಾಯಕವೃಂದದ ಮುಂದೆ ನಿಂತು ಒಂದು ಸಾಲು ಹಾಡಿ ತೋರಿಸುವಾಗ, ತಡೆಯಲಾರದೆ ಮೂಗನ್ನು ಸೊರ್ರನೆ ಎಳೆದುಕೊಂಡೆ. ಅವರೋ ಮಹಾ ಶ್ರದ್ಧಾವಂತರು. ತಿರುಗಿ ಹಾಡುವಾಗ ಐವತ್ತು ಮೂಗುಗಳೂ ಅದೇ ಜಾಗದಲ್ಲಿ, ತಾಳ ತಪ್ಪದೆ, ಸೊರ್ರೆಂದವು!

“ಅದು ಬರೀ ನೆಗಡಿ ಕಣ್ರಪ್ಪಾ,” ಎಂದೆ.

“ಇಷ್ಟು ಅಪರೂಪದ ಗಮಕಾನ ನೆಗಡಿ ಅಂತೀರಲ್ಲ, ಎಂಥಾ ವಿನಯ ಸಾರ್ ನಿಮ್ದು!” ಎಂದು ವಿಭಾಗದ ಮುಖ್ಯಸ್ಥೆ ಕರಗಿಹೋದರು.

ನಿನ್ನೆಯ ಕಾರ್ಯಕ್ರಮದಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದೂ ಆ ಜಾಗಕ್ಕೇ. ಚಿಕ್ಕಂದಿನಲ್ಲಿ ಇದೇ ಸದ್ದಿಗೆ ನೀನು ನನ್ನ ತಲೆಗೆ ಮೊಟಕುತ್ತಿದ್ದೆ. ಮೂವತ್ತು ವರ್ಷ ಪ್ರೊಫೆಸರಾಗಿ ಎಲ್ಲರ ಶ್ರುತಿ ತಿದ್ದಿದರೂ ಬಾರದ ಹೆಸರನ್ನು ಈ ಮೂಗು ಒಂದೇ ಸಲಕ್ಕೆ ತಂದುಕೊಟ್ಟಿತು ನೋಡು. ಅದನ್ನೇ ಕಲಿಸಿಕೊಂಡು ಇನ್ನೊಂದು ವರ್ಷ ಇರಿ ಎಂದರು, ಒಪ್ಪಿಕೊಂಡೆ.

ಕಾರ್ಡು ತುಂಬಿತು. ನೆಗಡಿ ಪೂರ್ತಿ ವಾಸಿಯಾಗಿಬಿಟ್ಟಿದೆ, ಅದೇ ಈಗ ಚಿಂತೆ. ದಯವಿಟ್ಟು ಮಫ್ಲರ್ ಮಾತ್ರ ಕಳಿಸಬೇಡ.

ನಿನ್ನ ತಮ್ಮ